ಟೆಸ್ಟರಿಗೂ ಪರೀಕ್ಷೆ

ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಕಲಿಯುತ್ತಿದ್ದ ಹೇಮಲತಾ, ಯಾವ ವೈರು ಮುಟ್ಟುವ ಮೊದಲೂ, ಕರೆಂಟಿದೆಯೇ ಎಂದು ತೋರಿಸುವ ಟೆಸ್ಟರನ್ನು ಕರೆಂಟಿರುವ ಸಾಕೆಟ್ಟಿಗೆ ಚುಚ್ಚಿ, ಅದರ ದೀಪ ಉರಿಯುವುದನ್ನು ನೋಡುತ್ತಿದ್ದಳು.

ಹೊಸ ಟೆಸ್ಟರಿಗೆ ಅವಮಾನವಾಯಿತು. “ದಿನಾ ನನಗೇ ಪರೀಕ್ಷೆಯೇ? ನಾನೇನು ಸುಳ್ಳು ಹೇಳುತ್ತೇನೆಯೇ?” ಎಂದು ಸಾಕೆಟ್ಟನ್ನು ಕೇಳಿತು.

“ಗೊತ್ತಿರುವುದನ್ನು ಸರಿಯಾಗಿ ಹೇಳಿದರೆ ತಾನೆ, ಗೊತ್ತಿಲ್ಲದ್ದನ್ನು ನಿನ್ನ ಕೇಳುವುದು?” ಎಂದಿತು ಸಾಕೆಟ್ಟು. “ನೀನು ಕೆಟ್ಟು ಉರಿಯದಿದ್ದರೂ ಕರೆಂಟಿಲ್ಲವೆಂದೇ ನಂಬಿ ಅವಳು ಬರಿಗೈ ಇಡುತ್ತಾಳಪ್ಪ.”

ಮರುದಿನ ಟೆಸ್ಟರು ಮೇಜಿನಿಂದ ಬಿದ್ದು, ಒಳಗಿನ ದೀಪ ಕೆಟ್ಟಿತು. ಸಾಕೆಟ್ಟಿನಲ್ಲಿ ಅದು ಉರಿಯಲಿಲ್ಲ. ಹೇಮಲತಾ ಅದನ್ನು ಬದಿಗಿಟ್ಟು, ಹಳೆಯದೊಂದನ್ನು ಮೊದಲು ಅದೇ ಸಾಕೆಟ್ಟಿಗೆ ಚುಚ್ಚಿದಳು. ಅದು ಉರಿಯಿತು. ಆಮೇಲೆ ಅವಳು ರಿಪೇರಿ ಮಾಡಬೇಕಿದ್ದ ಮೋಟರಿನ ವೈರಿಗೆ ಇಟ್ಟಾಗಲೂ ಉರಿಯಿತು. ಅವಳು ಕೈ ಹಿಂದಕ್ಕೆ ತೆಗೆದು, ಮೇನ್ ಆಫ್ ಮಾಡಲು ಹೊರಟಳು.

“ಅಕ್ಕಾ, ಸಾಕೆಟ್ಟಿನ ಮಾತು ಬಿಡಿ. ನನ್ನ ದೀಪ ಉರಿದಿಲ್ಲವಲ್ಲ, ಒಂದೇ ಒಂದು ಸಲ ನನ್ನನ್ನು ನಂಬಿ ವೈರು ಮುಟ್ಟಿ” ಎಂದಿತು ಬದಿಯಲ್ಲಿ ಕೆಟ್ಟು ಬಿದ್ದಿದ್ದ ಹೊಸ ಟೆಸ್ಟರು.