ಆಚೆ ದಡದ ಕರೆ

ಅಘನಾಶಿನಿ ಹೊಳೆಯಲ್ಲಿ ತಾರಿದೋಣಿ ನಡೆಸುವ ಬೊಮ್ಮಯ್ಯನಿಗೆ ಮೊಬೈಲ್ ಕಂಪನಿಯ ಕಾಟ ಶುರುವಾಗಿತ್ತು. ಹಳೇ ನೆಟ್‌ವರ್ಕ್ ಮುಚ್ಚುತ್ತೇವೆ, ಕೀಪ್ಯಾಡ್ ಫೋನು ಬಿಟ್ಟು ಹೊಸ ಪ್ಲಾನಿಗೆ ಬನ್ನಿ ಎಂದು ದಿನವೂ ಮೆಸೇಜು. ಕೊನೆಗೊಬ್ಬ ಅಧಿಕಾರಿಯೇ ದೋಣಿಯ ಹತ್ತಿರ ಬಂದ.

"ಇನ್ನೂ ಈ ಡಬ್ಬಾ ಹಿಡ್ಕೊಂಡಿದ್ದೀಯಲ್ಲ! ನಿಮ್ಮಂಥವರಿಂದಲೇ ಊರು ಹಿಂದೆ ಉಳಿದಿದ್ದು."

ಬೊಮ್ಮಯ್ಯನಿಗೆ ಒಳಗೊಳಗೇ ಅಳುಕು. ಆಚೆ ದಡದಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಜ್ವರ ಏರಿದರೂ ಮೊದಲು ರಿಂಗಾಗುವುದು ಇದೇ ಫೋನು. ಹೊಸ ನೆಟ್‌ವರ್ಕು ಅಲ್ಲಿಗೆ ಬಂದೇ ಇರಲಿಲ್ಲ. ಆದರೂ ನಕ್ಕ.

"ಬದಲಾಯಿಸ್ತೆ ಸಾಹೇಬ್ರೇ. ಆಚೆಯವರಿಗೂ ನೀವೇ ಒಂದು ಮಾತು ಹೇಳಿ, ಬನ್ನಿ."

ಅಧಿಕಾರಿಯನ್ನು ಆಚೆ ದಡಕ್ಕಿಳಿಸಿ ದೋಣಿ ತಿರುಗಿಸಿದ. "ಕೆಲಸ ಮುಗಿದ ಕೂಡಲೇ ನಿಮ್ಮ ಹೊಸ ಫೋನಿಂದ ಕರೀರಿ. ಕರೆ ಬಂದರೆ ನನ್ನದನ್ನು ಹೊಳೆಗೇ ಎಸೀತೆ!"

ಈಚೆ ಕೂತು ನೋಡಿದ. ಅಧಿಕಾರಿ ಫೋನನ್ನು ತಲೆಯ ಮೇಲೆತ್ತಿದ, ಬಂಡೆ ಹತ್ತಿದ, ತೆಂಗಿನ ಮರವನ್ನೂ ಒಮ್ಮೆ ಅಳೆದು ನೋಡಿದ. ಕೂಗಿದ್ದು ಗಾಳಿಗೆ ಹೋಯಿತು. ಪಾಪ ಅನ್ನಿಸಿ ಬೊಮ್ಮಯ್ಯ ಹುಟ್ಟು ಎತ್ತಿಕೊಳ್ಳುವಷ್ಟರಲ್ಲಿ ಫೋನು ರಿಂಗಾಯಿತು. ಆಚೆ ದಡದಲ್ಲಿ ಮೀನು ಒಣಗಿಸುತ್ತಿದ್ದ ದೇವಮ್ಮನ ಕೀಪ್ಯಾಡ್ ಫೋನಿಂದ ಅಧಿಕಾರಿಯ ದನಿ: "ಬೊಮ್ಮಯ್ಯನವರೇ, ದಯವಿಟ್ಟು ದೋಣಿ ತನ್ನಿ."

ವಾಪಸು ಬರುವಾಗ ಅಧಿಕಾರಿ ತನ್ನ ಹೊಸ ಫೋನನ್ನು ಜೇಬಿಗಿಳಿಸಿದ. "ನನಗೇನೋ ಅರ್ಥವಾಯ್ತು. ನನ್ನ ಮೇಲಿನವರಿಗೆ ಆಗ್ಬೇಕಲ್ಲ?"

"ಅವರನ್ನೂ ಕರ್ಕೊಂಡು ಬನ್ನಿ," ಎಂದ ಬೊಮ್ಮಯ್ಯ ಹುಟ್ಟು ಹಾಕುತ್ತ. "ಆಚೆ ದಡಕ್ಕೆ ಬಿಟ್ಟು ಬರ್ತೆ."