ಅಳಿವೆಯ ಹೊರತು

ಶಿಷ್ಯ ಕೇಳಿದ: "ಗುರುಗಳೇ, ಊರವರು ಕೂಡಿ ಆಪತ್ಕಾಲಕ್ಕೆಂದು ಒಂದು ಕಣಜ ಮಾಡಿದ್ದಾರೆ. ಪ್ರತಿ ಮನೆಯವರೂ ತಮ್ಮ ಪಾಲಿನ ಭತ್ತ ತಂದು ಹಾಕಬೇಕು. ದುಡಿಯುವವನು ಸತ್ತರೆ ಅವನ ಮನೆಗೆ ಆ ಕಣಜದಿಂದ ಅನ್ನ. ಯಾರು ಯಾರು ಸೇರಬಹುದೆಂದು ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಲ್ಲು ಒಡೆಯುವವರು ದೂಳು ಕುಡಿದು ನಲವತ್ತು ತುಂಬುವ ಮೊದಲೇ ಸಾಯುತ್ತಾರೆ. ಅವರನ್ನು ಸೇರಿಸಿದರೆ ಗಟ್ಟಿಮುಟ್ಟಾಗಿರುವವರ ಪಾಲೂ ಕರಗಿಹೋಗುತ್ತದೆ. ಅವರನ್ನು ಬಿಟ್ಟು ಬರೆದರೆ ತಪ್ಪೇ?"

ಗುರುಗಳು ಪಟ್ಟಿಯನ್ನು ಈಸಿಕೊಂಡು ಓದಿದರು. ಓದಿ ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಕಡಲ ದಂಡೆಯಲ್ಲಿ ಒಂದು ಊರು. ಅಲ್ಲಿ ಹೊಳೆ ಬಂದು ಕಡಲಿಗೆ ಸೇರುತ್ತದೆ. ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಹೊಳೆಯಲ್ಲಿ ಮೊಣಕಾಲುದ್ದ ನೀರು. ಆಚೆಯ ಕಡಲು, ಮೀನುಗಾರರು ಇಳಿಯುವ ತಿಂಗಳುಗಳಲ್ಲಿ, ತಣ್ಣಗೆ ಮಲಗಿರುತ್ತದೆ. ಇವೆರಡರ ನಡುವಿನ ಅಳಿವೆಯಲ್ಲಿ ಮಾತ್ರ ಮರಳು ದಿನಕ್ಕೊಂದು ಕಡೆ ಸರಿಯುತ್ತದೆ, ತೆರೆ ಎದ್ದು ಬಡಿಯುತ್ತದೆ. ಆ ಊರಲ್ಲಿ ದೋಣಿ ಒಡೆದರೆ ಒಡೆಯುವುದು ಅಲ್ಲಿಯೇ.

ಆ ಊರಿಗೆ ಒಬ್ಬ ವರ್ತಕ ಬಂದ. ದೋಣಿಗಳಿಗೆ ಹೊಣೆ ನಿಲ್ಲುವುದು ಅವನ ವ್ಯಾಪಾರ. ದಿನಕ್ಕೊಂದು ಬುಟ್ಟಿ ಮೀನು ಕೊಡಿ, ದೋಣಿ ಹೋದರೆ ಹೊಸ ದೋಣಿ ನಾನು ಕೊಡುತ್ತೇನೆ ಎಂದ. ಕಾಗದ ಬರೆಯುವ ಮೊದಲು ಅವನು ಮುದುಕ ಮೀನುಗಾರರನ್ನು ಕೂರಿಸಿಕೊಂಡು, ದೋಣಿಗಳು ಎಲ್ಲಿ ಮುಳುಗುತ್ತವೆ ಎಂದು ಅಕ್ಕರೆಯಿಂದ ವಿಚಾರಿಸಿದ. ನಮ್ಮ ಕಷ್ಟ ಕೇಳುವವನೂ ಒಬ್ಬ ಹುಟ್ಟಿದನಲ್ಲ ಎಂದು ಅವರು, ಪಾಪ, ಮರಳಿನ ಮೇಲೆ ಗೆರೆ ಎಳೆದು ಜಾಗ ತೋರಿಸಿದರು. ಅವರು ತೋರಿಸಿದ ಆ ಜಾಗವನ್ನೇ ಅವನು ಕಾಗದದಿಂದ ಹೊರಗಿಟ್ಟ.

ಕಾಗದವನ್ನು ಎಲ್ಲರೆದುರು ಓದಿಸಿದ. ಹೊಳೆಯಲ್ಲಿ ಮುಳುಗಿದರೆ ಹೊಣೆ ನಮ್ಮದು, ಕಡಲಲ್ಲಿ ಮುಳುಗಿದರೆ ಹೊಣೆ ನಮ್ಮದು, ಅಳಿವೆಯ ಹೊರತು. ಹೊಳೆ ಎಂದಾಗ ಜನ ತಲೆಯಾಡಿಸಿದರು. ಕಡಲು ಎಂದಾಗ ಕೈಮುಗಿದರು. ಕೊನೆಯ ಎರಡು ಮಾತು ಅವರ ತಲೆಗೆ ಹೋಗಲಿಲ್ಲ. ಅವರಿಗೆ ಅಳಿವೆ ಎಂದರೆ ಹೊಳೆಯೂ ಹೌದು, ಕಡಲೂ ಹೌದು. ಎರಡಕ್ಕೂ ಹೊಣೆ ಹೊತ್ತವನು ಅವೆರಡೂ ಕೂಡುವ ಜಾಗವನ್ನು ಬಿಟ್ಟಾನೆಂದು ಯಾರು ನೆನೆಯುತ್ತಾರೆ? ಓದುಬರಹದವರ ಏನೋ ಮಾತಿರಬೇಕೆಂದು ಸುಮ್ಮನಾದರು. ಪುಣ್ಯಕ್ಕೆ ಆರು ವರ್ಷ ಯಾರ ದೋಣಿಯೂ ಒಡೆಯಲಿಲ್ಲ, ಆರು ವರ್ಷವೂ ಬುಟ್ಟಿ ತುಂಬಿ ಮೀನು ಹೊತ್ತು ಹಾಕಿದರು. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ.

ಏಳನೆಯ ವರ್ಷ ಒಬ್ಬ ಮೀನುಗಾರ ಅಳಿವೆಯಲ್ಲಿ ಸತ್ತ. ಹೆಣ ಮೂರನೆಯ ದಿನ ಸಿಕ್ಕಿತು, ದೋಣಿಯ ಹಲಗೆಯೂ ಪೂರಾ ಸಿಗಲಿಲ್ಲ. ಅವನ ಹೆಂಡತಿಯ ಹೆಸರು ಮಾದೇವಿ. ವರ್ತಕನ ಹೆಸರನ್ನು ನಾನು ಹೇಳುವುದಿಲ್ಲ, ಹೇಳಲು ನನಗೆ ಹೇಸಿಗೆ. ಮಾದೇವಿಗೆ ಒಬ್ಬ ಮೈದುನನಿದ್ದ, ಒಳ್ಳೆಯ ಕಸುಬುದಾರ. ದೋಣಿ ಬಂದರೆ ಅವನು ಕಡಲಿಗೆ ಇಳಿಯುತ್ತಾನೆ, ಮನೆಯ ಒಲೆ ಉರಿಯುತ್ತದೆ. ಅವಳು ಅಷ್ಟನ್ನೇ ನಂಬಿಕೊಂಡು ವರ್ತಕನ ಮಂಡಿಗೆ ಹೋದಳು. ಅವನು ಕಾಗದ ತೆಗೆದು ಕೊನೆಯ ಎರಡು ಮಾತಿನ ಮೇಲೆ ಬೆರಳಿಟ್ಟ.

ಮಾದೇವಿ ಹೇಳಿದಳು: "ಒಡೆಯಾ, ಮೊಣಕಾಲುದ್ದ ಹೊಳೆಲಿ ಮುಳುಗೂಕೆ ನಾವೇನು ಕೂಸುಗಳಾ? ನಮ್ಮೋರು ಸಾಯೂದೆಲ್ಲ ಅಳಿವೆಲೇ. ಅದ ಬಿಟ್ಟರೆ ನೀವು ದೋಣಿ ಕೊಡೂದು ಯಾರಿಗೆ?"

ವರ್ತಕ ಸಮಾಧಾನದಿಂದಲೇ ಹೇಳಿದ: "ತಂಗೀ, ಅಳಿವೆಗೆ ಹೊಣೆ ನಿಂತರೆ ನಾನು ಬದುಕುವುದು ಹೇಗೆ? ಅಲ್ಲಿ ದೋಣಿಗಳು ಮುಳುಗುತ್ತವೆ."

ಅವಳು ಅಷ್ಟಕ್ಕೇ ಎದ್ದು ಬರಲಿಲ್ಲ. ಹೋದ ದೋಣಿ ಹೋಯಿತು, ಮೈದುನ ಎಲ್ಲಿಂದಲಾದರೂ ಒಂದು ದೋಣಿ ತರುತ್ತಾನೆ, ಬುಟ್ಟಿ ಮೀನು ತಪ್ಪಿಸುವುದಿಲ್ಲ, ನಮ್ಮನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಬೇಡಿದಳು. ಒಮ್ಮೆ ಮುಳುಗಿದ ಮನೆಯವರನ್ನು ಸೇರಿಸಿಕೊಳ್ಳುವ ಪದ್ಧತಿ ತನ್ನಲ್ಲಿಲ್ಲ ಎಂದ ಅವನು. ಮುಳುಗಿದ್ದಕ್ಕೆ ಕೊಡಲಿಲ್ಲ, ಮುಳುಗಿದ್ದನ್ನು ಮಾತ್ರ ನೆನಪಿಟ್ಟ. ಇಂಥವರಿಗೆ ನಾವು ಜಾಣರು ಎನ್ನುತ್ತೇವೆ.

ಮೈದುನ ಒಂದು ಸೋರುವ ದೋಣಿಯನ್ನು ಎರವಲು ತಂದು ಇಳಿದ. ಅದೇ ತಿಂಗಳು ಅಳಿವೆ ಅವನನ್ನೂ ನುಂಗಿತು. ಮಾದೇವಿ ಕೆಸರಲ್ಲಿ ಚಿಪ್ಪುಮೀನು ಆರಿಸಿ ಹೊಟ್ಟೆ ಹೊರೆದಳು.

ವರ್ಷದ ಕೊನೆಗೆ ವರ್ತಕ ಊರವರನ್ನು ಕರೆದು ಹೇಳಿದ: ಏಳು ವರ್ಷದಲ್ಲಿ ಒಂದು ದೋಣಿಯನ್ನೂ ಕೊಡಬೇಕಾಗಿ ಬರಲಿಲ್ಲ, ಎಲ್ಲ ನಿಮ್ಮ ಪುಣ್ಯ. ಹೊಳೆಯಲ್ಲಿ ತೆಂಗಿನಕಾಯಿ ಸಾಗಿಸುವ ದೋಣಿಯವರು ಅವನಿಗೆ ಶಾಲು ಹೊದಿಸಿದರು. ಅವನು ಮುಪ್ಪಿನವರೆಗೆ ಬದುಕಿ ಹಾಸಿಗೆಯ ಮೇಲೆ ಸುಖವಾಗಿ ಸತ್ತ.

ಗುರುಗಳು ಕತೆ ನಿಲ್ಲಿಸಿದರು. "ಅವನು ಬಿಟ್ಟದ್ದು ತನ್ನ ಲಾಭಕ್ಕೆ, ಗುರುಗಳೇ," ಎಂದ ಶಿಷ್ಯ. "ನನಗೆ ಇದರಲ್ಲಿ ಒಂದು ಕಾಳೂ ಬೇಡ. ಗಟ್ಟಿಮುಟ್ಟಾಗಿರುವ ನಾಲ್ಕು ಜನರನ್ನು ಕಾಪಾಡಬೇಕೆಂದಷ್ಟೇ ನಾನು ನೋಡುತ್ತಿದ್ದೇನೆ."

ಗುರುಗಳಿಗೆ ಸಿಟ್ಟು ಬಂದಿತ್ತು. ಪಟ್ಟಿಯನ್ನು ಅವನ ಮುಂದಕ್ಕೆ ತಳ್ಳಿ ಹೇಳಿದರು:

"ಮೈತುಂಬ ಸಿಡುಬು ಎದ್ದಿದ್ದ ನಿನ್ನನ್ನು ನಿನ್ನ ತಾಯಿ ಈ ಮಠದ ಬಾಗಿಲಿಗೆ ಎತ್ತಿಕೊಂಡು ಬಂದ ದಿನ, ಒಳಗೆ ಹನ್ನೊಂದು ಮಂದಿ ಗಟ್ಟಿಮುಟ್ಟಾಗಿದ್ದರು."