ಫುಮಿಯಮ್ಮನ ಬೆರಳು

ವರದಾ ನದಿಯ ದಂಡೆಯ ಆಶ್ರಮದಲ್ಲಿ ಜಪಾನಿನ ಹೆಂಗಸೊಬ್ಬರು ಇಪ್ಪತ್ತೆರಡು ವರ್ಷ ಕನ್ನಡ ಮಾತಾಡಿಕೊಂಡಿದ್ದರು. ಒಂದು ಬೆಳಿಗ್ಗೆ ಆ ಕನ್ನಡ ಅವರನ್ನು ಬಿಟ್ಟು ಹೋಯಿತು.

ಹೆಸರು ಫುಮಿ. ಆಶ್ರಮದವರಿಗೆಲ್ಲ ಫುಮಿಯಮ್ಮ. ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿತ್ತು, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ‘ಊಟ ಮಾಡ್ತೀರಾ?’ ಎಂದರೆ ಅರ್ಥವಾಗದೆ ಮುಖ ನೋಡುತ್ತಿದ್ದರು. ಎಂಬತ್ತು ವರ್ಷದ ತಲೆಯಲ್ಲಿ ಈಚೆಗೆ ಕಲಿತದ್ದು ಅಳಿಸಿಹೋಗಿ, ಮೊದಲು ಕಲಿತದ್ದಷ್ಟು ಉಳಿದಿತ್ತು.

ಅವರ ಆರೈಕೆ ನೀಲಮ್ಮನದು. ನೀಲಮ್ಮನಿಗೆ ಐವತ್ತರ ಹತ್ತಿರ. ಓದಿದ್ದು ಏಳನೇ ಇಯತ್ತೆ. ಕಾಯಿಲೆಯವರನ್ನು ನೋಡಿಕೊಳ್ಳುವುದರಲ್ಲಿ ಮಾತ್ರ ಅವಳ ಕೈ ಪಳಗಿತ್ತು.

ಎರಡು ತಿಂಗಳು ಕಳೆಯಿತು. ಫುಮಿಯಮ್ಮ ದಿನಕ್ಕೆ ನಾಲ್ಕು ಚಮಚ ಗಂಜಿಗೇ ಬಾಯಿ ಮುಚ್ಚತೊಡಗಿದರು. ಪಟ್ಟಣದಿಂದ ಬಂದ ಡಾಕ್ಟರು, “ಹೀಗೇ ಆದರೆ ಮೂಗಿನಿಂದ ನಳಿಕೆ ಹಾಕಬೇಕಾಗುತ್ತೆ” ಎಂದು ಹೇಳಿ ಹೋದರು.

ಅವತ್ತೇ ನೀಲಮ್ಮ ಒಂದು ಸಂಗತಿ ಗಮನಿಸಿದಳು. ಫುಮಿಯಮ್ಮನ ಎಡಗೈ ಬೆರಳು ಹಾಸಿಗೆಯ ಮೇಲೆ ಏನೋ ಗೀರುತ್ತಿತ್ತು. ಗೀರಿ, ನೀಲಮ್ಮನ ಮುಖ ನೋಡಿ, ಮತ್ತೆ ಗೀರುತ್ತಿತ್ತು.

ಅವಳು ಓಡಿದ್ದು ಗುರುಗಳ ಬಳಿಗೆ.

ಗುರು ವಿರೂಪಾಕ್ಷಯ್ಯನವರು ಹರೆಯದಲ್ಲಿ ಹಡಗು ಹತ್ತಿ ಹೋಗಿ, ಜಪಾನಿನ ಕಡಲ ದಂಡೆಯ ಒಂದು ದೇಗುಲದ ಅಂಗಳ ಗುಡಿಸಿಕೊಂಡು ಹನ್ನೊಂದು ವರ್ಷ ಇದ್ದು ಬಂದವರು. ಆ ಊರಿನ ಶಾಲೆಯ ಟೀಚರು ಫುಮಿಯಮ್ಮ. ನಿವೃತ್ತಿಯಾದ ಮೇಲೆ ಗುರುಗಳನ್ನೇ ಹುಡುಕಿಕೊಂಡು ಬಂದು ಇಲ್ಲೇ ನಿಂತಿದ್ದರು. ಈಗ ಗುರುಗಳ ಕಣ್ಣು ಪೂರ್ತಿ ಹೋಗಿತ್ತು.

ಗುರುಗಳು ಬಂದು ಮಂಚದ ಪಕ್ಕ ಕುಳಿತು ಜಪಾನಿಯಲ್ಲಿ ಕೇಳಿದರು. ಅನ್ನವೇ? ನೀರೇ? ನೋವೇ? ಎಲ್ಲದಕ್ಕೂ ಫುಮಿಯಮ್ಮ ಅಡ್ಡಡ್ಡ ತಲೆಯಾಡಿಸಿದರು. ಗುರುಗಳು ಅಂಗೈ ಚಾಚಿದರು. ಫುಮಿಯಮ್ಮ ಅದರ ಮೇಲೆ ಬರೆದರು.

“ಇರುವೆ ಹರಿದಷ್ಟೂ ಒತ್ತಿಲ್ಲ. ನನ್ನ ದಪ್ಪ ಚರ್ಮಕ್ಕೆ ತಿಳಿಯುತ್ತಿಲ್ಲ,” ಎಂದರು ಗುರುಗಳು. “ನೀಲಮ್ಮ, ಅವರು ಬರೆದದ್ದನ್ನು ನೋಡಿ ನೀನು ಬರೆ. ಒತ್ತಿ ಬರೆ.”

ನೀಲಮ್ಮ ಗುರುಗಳ ಅಂಗೈ ಮೇಲೆ ಬರೆದಳು.

“ಇದು ಚಿತ್ರ. ಅಕ್ಷರ ಅಲ್ಲ.”

“ಅವರು ಬರೆದ ಹಾಗೇ ಬರೆದೆ, ಗುರುಗಳೇ.”

“ಬೆರಳು ಮೊದಲು ಎಲ್ಲಿ ಇಳಿಯಿತು?”

ನೀಲಮ್ಮನಿಗೆ ಗೊತ್ತಿರಲಿಲ್ಲ.

“ಎಲ್ಲಿಂದ ಎಲ್ಲಿಗೆ ಹೋಯಿತು? ಎಲ್ಲಿ ಎದ್ದಿತು?”

ಅದೂ ಗೊತ್ತಿರಲಿಲ್ಲ. ಅವಳು ಕೇಳಿದಳು, “ನನಗೆ ಈ ಅಕ್ಷರ ಕಲಿಸುತ್ತೀರಾ?”

“ಒಂದು ತಟ್ಟೆ ಅಕ್ಕಿ ತಾ.”

ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ಹಾಗೆ ಗುರುಗಳು ನೀಲಮ್ಮನ ಬೆರಳು ಹಿಡಿದು ಅಕ್ಕಿಯಲ್ಲಿ ತಿದ್ದಿಸಿದರು. ಅವಳಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

“ಅ, ಇ, ಉ, ಎ, ಒ,” ಎಂದರು ಗುರುಗಳು. “ಇನ್ನು ಸಾಲು ಕೇಳು. ಕ, ಸ, ತ, ನ, ಹ, ಮ, ಯ, ರ, ವ.”

ನೀಲಮ್ಮನ ಬೆರಳು ನಿಂತಿತು. “ಇದು ನಮ್ಮ ವರ್ಣಮಾಲೆಯ ಹಾಗೇ ಇದೆಯಲ್ಲ!”

“ಮಂತ್ರ ಓದಲಿಕ್ಕೆಂದು ನಮ್ಮ ಕಡೆಯ ಅಕ್ಷರ ಕಲಿತ ಭಿಕ್ಷುಗಳು ಅಲ್ಲಿದ್ದರು. ಅವರಿಂದ ಬಂದ ಸಾಲು ಇದು ಅಂತ ನನಗೆ ಹೇಳಿದ್ದರು.”

“ಲ ಎಲ್ಲಿ?”

“ಇಲ್ಲ. ಇದ್ದ ರ ಒಂದೇ ಎರಡರ ಕೆಲಸವನ್ನೂ ಮಾಡುತ್ತದೆ.”

ನೀಲಮ್ಮ ಗಟ್ಟಿಯಾಗಿ ನಕ್ಕುಬಿಟ್ಟಳು. ಫುಮಿಯಮ್ಮ ಬಂದ ಹೊಸದರಲ್ಲಿ ಅವಳನ್ನು ‘ನೀರಮ್ಮ, ನೀರಮ್ಮ’ ಎಂದು ಕೂಗುತ್ತಿದ್ದರು. ದಿನವೂ ಕೊಡ ಹೊತ್ತು ನೀರು ತರುತ್ತೇನಲ್ಲ, ಅದಕ್ಕೇ ಈ ಹೆಸರು ಎಂದು ನೀಲಮ್ಮ ಇಷ್ಟು ವರ್ಷ ನಂಬಿದ್ದಳು.

ನಾಲ್ಕು ದಿನ ಅವಳು ಗಂಜಿ ಕಲಸುವಾಗಲೂ ಬೆರಳಲ್ಲಿ ತಿದ್ದಿದಳು. ಅಡುಗೆಮನೆಯ ಹಿಟ್ಟಿನ ಮೇಲೆ ತಿದ್ದಿದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರಲ್ಲಿ ತಿದ್ದಿದಳು.

ಐದನೆಯ ದಿನ ಗುರುಗಳು ಬೇರೆ ಅಕ್ಷರ ಬರೆದರು. ಮೊದಲಿನವು ಬಳ್ಳಿಯ ಹಾಗೆ ಬಳುಕುತ್ತಿದ್ದವು. ಇವು ಮುರಿದ ಕಡ್ಡಿಗಳ ಹಾಗೆ ಚೂಪಾಗಿದ್ದವು.

“ಸದ್ದು ಅದೇ. ರೂಪ ಬೇರೆ,” ಎಂದರು. “ಹೊರಗಿನಿಂದ ಬಂದ ಮಾತನ್ನು ಇದರಲ್ಲಿ ಬರೆಯುತ್ತಾರೆ. ಬಸ್ಸು, ಬ್ರೆಡ್ಡು, ನೀಲಮ್ಮ.”

“ನನ್ನದು ಬಸ್ಸಿನ ಸಾಲಾ?”

“ನಾನು ಹನ್ನೊಂದು ವರ್ಷ ಅದೇ ಸಾಲಿನಲ್ಲಿದ್ದೆ. ಊಟಕ್ಕೇನೂ ಕಡಿಮೆಯಾಗಲಿಲ್ಲ.”

ಮರುದಿನ ಮೂರನೆಯ ಬಗೆ. ಗುರುಗಳು ಒಂದಕ್ಕೊಂದು ಒರಗಿದ ಎರಡು ಗೆರೆ ಎಳೆದರು.

“ಇದು ಯಾವ ಸದ್ದು?” ನೀಲಮ್ಮ ಕೇಳಿದಳು.

“ಸದ್ದು ಅಲ್ಲ. ಮನುಷ್ಯ.”

“ಓದುವುದು ಹೇಗೆ?”

“ಹಿತೊ. ಒಮ್ಮೊಮ್ಮೆ ಜಿನ್. ಒಮ್ಮೊಮ್ಮೆ ನಿನ್.”

“ಅದೆಂಥದು! ಒಂದೇ ಅಕ್ಷರಕ್ಕೆ ಮೂರು ಓದಾ?”

“ನಿಮ್ಮಮ್ಮ ನಿನ್ನನ್ನು ಏನೆಂದು ಕರೆಯುತ್ತಿದ್ದಳು?”

“ನೀಲಿ.”

“ನಿನ್ನ ತಮ್ಮ?”

“ಅಕ್ಕ ಅಂತ.”

“ಆಗೆಲ್ಲ ನಿನ್ನ ಮುಖ ಬದಲಾಗುತ್ತಿತ್ತೇ?”

ನೀಲಮ್ಮ ಆ ಎರಡು ಗೆರೆಗಳನ್ನು ಬಹಳ ಹೊತ್ತು ನೋಡಿದಳು. “ಇಂಥವು ಎಷ್ಟಿವೆ, ಗುರುಗಳೇ?”

“ಸಾವಿರಾರು. ನನಗೂ ಎಲ್ಲ ಬರುವುದಿಲ್ಲ. ಫುಮಿಯಮ್ಮ ಬರೆಯುತ್ತಿರುವುದನ್ನು ಗುರುತಿಸಿದರೆ ಸಾಕು. ಹೋಗಿ ನೋಡು.”

ಈ ಸಲ ಅವಳು ಬೆರಳು ಇಳಿದದ್ದನ್ನೂ ಎದ್ದದ್ದನ್ನೂ ನೋಡಿದಳು. ಓಡಿ ಬಂದು ಗುರುಗಳ ಅಂಗೈ ಮೇಲೆ ಒಂದರ ಕೆಳಗೊಂದು ಅಡ್ಡ ಗೆರೆ ಎಳೆದಳು. ಒಂದು, ಎರಡು, ಮೂರು.

“ಸಾನ್,” ಎಂದರು ಗುರುಗಳು. “ಮೂರು.”

ಮೂರು ಏನು? ನೀಲಮ್ಮ ಮೂರು ಬಾಳೆಹಣ್ಣು ತಂದಳು. ಮೂರು ದಿಂಬು ಕೊಟ್ಟಳು. ಗಂಜಿಯನ್ನು ಮೂರು ಬಟ್ಟಲಿಗೆ ಹಂಚಿದಳು. ತೋಟದ ಕೆಲಸದವರನ್ನು ಕರೆದು ಮೂರು ಜನರನ್ನು ಎದುರಿಗೆ ನಿಲ್ಲಿಸಿ ನೋಡಿದ್ದೂ ಆಯಿತು. ಫುಮಿಯಮ್ಮ ಕಣ್ಣು ಮುಚ್ಚಿಕೊಂಡರು. ರೆಪ್ಪೆಯ ತುದಿಯಿಂದ ನೀರು ಇಳಿಯಿತು.

ಮರುದಿನ ಬೆಳಿಗ್ಗೆ ಅವರು ಒಂದು ಚಮಚವನ್ನೂ ನುಂಗಲಿಲ್ಲ.

“ನಾಳೆ ಡಾಕ್ಟರು ಬರುತ್ತಾರೆ,” ಎಂದಳು ನೀಲಮ್ಮ. “ನಾನು ಸರಿಯಾಗೇ ನೋಡಿದ್ದೆ ಗುರುಗಳೇ. ಮೂರೇ ಗೆರೆ.”

“ಎಲ್ಲಿ ಕೂತು ನೋಡಿದೆ?”

“ಮಂಚದ ಪಕ್ಕ ಸ್ಟೂಲಿನ ಮೇಲೆ.”

ಗುರುಗಳು ತಟ್ಟೆಯ ಅಕ್ಕಿಯನ್ನು ಸಮ ಮಾಡಿದರು. ಮೂರು ಗೆರೆ ಎಳೆದರು. ಆಮೇಲೆ ತಟ್ಟೆಯನ್ನು ಅವಳ ಮುಂದೆ ಮೆಲ್ಲಗೆ ತಿರುಗಿಸಿದರು. ಮಲಗಿದ್ದ ಗೆರೆಗಳು ಎದ್ದು ನಿಂತವು.

“ನೀನು ಅಕ್ಷರ ತಂದೆ. ಅದರ ತಲೆ ಯಾವ ಕಡೆಗಿತ್ತು ಎಂಬುದನ್ನು ಅಲ್ಲೇ ಬಿಟ್ಟು ಬಂದೆ.”

ನೀಲಮ್ಮ ತಿರುಗಿ ಹೋದಳು. ಸ್ಟೂಲನ್ನು ಅತ್ತ ಸರಿಸಿದಳು. ಕಿರಿದಾದ ಆ ಮಂಚದ ಮೇಲೆ ಫುಮಿಯಮ್ಮನ ಪಕ್ಕದಲ್ಲೇ ಹೊರಳಿ, ಅವರ ದಿಂಬಿನ ಮೇಲೆ ತಲೆಯಿಟ್ಟು ಮಲಗಿದಳು.

ಅಲ್ಲಿಂದ ಕಾಣುತ್ತಿದ್ದುದು ಬರೀ ಸುಣ್ಣದ ಗೋಡೆ. ಕಿಟಕಿ ತಲೆಯ ಹಿಂದಿತ್ತು. ಎರಡು ತಿಂಗಳಿಂದ ಇವರು ನೋಡುತ್ತಿರುವುದು ಇದನ್ನೇ ಎಂದು ಅವಳಿಗೆ ಆಗ ಹೊಳೆಯಿತು.

ಫುಮಿಯಮ್ಮನ ಬೆರಳು ಚಲಿಸಿತು. ಮೇಲಿನಿಂದ ಕೆಳಗೆ ಎಡಕ್ಕೆ ಸ್ವಲ್ಪ ಬಾಗಿದ ಗೆರೆ. ನಡುವೆ ಒಂದು ಗಿಡ್ಡ ಗೆರೆ. ಬಲಕ್ಕೆ ಒಂದು ಉದ್ದ ಗೆರೆ. ಮೂರೂ ನಿಂತ ಗೆರೆ.

ಗುರುಗಳ ಅಂಗೈ ಮೇಲೆ ಅದನ್ನು ಬರೆದಾಗ ಅವರ ಬೆರಳುಗಳು ತಾವಾಗಿಯೇ ಮಡಿಚಿಕೊಂಡವು.

“ಕವ,” ಎಂದರು. “ಹೊಳೆ.”

“ಹೊಳೆ!” ನೀಲಮ್ಮ ಎದ್ದೇಬಿಟ್ಟಳು.

“ತಾಳು, ಆಮೇಲೆ—”

ಅವಳು ಆಗಲೇ ಕೊಡ ಎತ್ತಿಕೊಂಡು ಮೆಟ್ಟಿಲು ಇಳಿದಾಗಿತ್ತು. ಹೊಳೆಯ ನೀರು ತಂದು, ಸೋಸಿ, ಕಾಯಿಸಿ ಆರಿಸಿ, ಬಟ್ಟಲಲ್ಲಿ ಹಾಕಿ ಫುಮಿಯಮ್ಮನ ತುಟಿಗೆ ಹಿಡಿದಳು.

ಫುಮಿಯಮ್ಮ ಎಡಗೈಯಿಂದ ಬಟ್ಟಲನ್ನು ತಳ್ಳಿದರು. ನೀರು ಹಾಸಿಗೆಯ ಮೇಲೆಲ್ಲ ಚೆಲ್ಲಿತು.

ನೀಲಮ್ಮ ಖಾಲಿ ಬಟ್ಟಲು ಹಿಡಿದುಕೊಂಡೇ ಗುರುಗಳ ಮುಂದೆ ಬಂದು ನಿಂತಳು.

“ಹೊಳೆಯ ಆಮೇಲೆ ಏನಿತ್ತು?” ಗುರುಗಳು ಕೇಳಿದರು.

“ಏನೂ ಇರಲಿಲ್ಲ. ಕೈ ನಡುಗಿ ಒಂದೆರಡು ಸಣ್ಣ ಗೀರು ಬಿದ್ದಿತ್ತು ಅಷ್ಟೆ.”

“ಆ ನಡುಕವನ್ನೂ ಬರೆ.”

ಅವಳು ನೆನಪು ಮಾಡಿಕೊಂಡು ಬರೆದಳು. ಎಡಕ್ಕೆ ಒಂದು ನಿಂತ ಗೆರೆ. ಬಲಕ್ಕೆ, ಒಂದರ ಕೆಳಗೊಂದು, ಎರಡು ಪುಟ್ಟ ಅಡ್ಡ ಗೆರೆ.

ಬರೆದು ಮುಗಿಸುವ ಮೊದಲೇ ಅವಳ ಬಾಯಿಂದ ಬಂತು. “ನಿ.”

“ಹೌದು. ನೀನೇ ತಿದ್ದಿದ ಅಕ್ಷರ. ಅಡುಗೆಮನೆಯ ಹಿಟ್ಟಿನ ಮೇಲೂ ತಿದ್ದಿದ್ದೆಯಂತೆ.”

“ಇದೊಂದಕ್ಕೆ ಏನರ್ಥ?”

“ಒಂದೇ ಇದ್ದರೆ ಏನೂ ಇಲ್ಲ. ಹೊಳೆಯಂಥ ದೊಡ್ಡ ಅಕ್ಷರದ ಹಿಂದೆ ಬಂದು ನಿಂತರೆ ನಮ್ಮ ‘ಗೆ’ ಇದ್ದ ಹಾಗೆ. ಮನೆ ಅನ್ನುವುದಕ್ಕೂ ಮನೆಗೆ ಅನ್ನುವುದಕ್ಕೂ ಎಷ್ಟು ದೂರ ಹೇಳು.”

ನೀಲಮ್ಮ ಬಟ್ಟಲನ್ನು ಕೆಳಗಿಟ್ಟಳು. “ಹೊಳೆಗೆ,” ಎಂದಳು. ಮತ್ತೊಮ್ಮೆ, ತನಗೇ ಹೇಳಿಕೊಳ್ಳುವ ಹಾಗೆ, “ಹೊಳೆಗೆ.”

ತೋಟದ ಇಬ್ಬರು ಬೆತ್ತದ ಕುರ್ಚಿಯಲ್ಲಿ ಫುಮಿಯಮ್ಮನನ್ನು ಕೂರಿಸಿ ಹೊತ್ತರು. ಗುರುಗಳು ನೀಲಮ್ಮನ ಭುಜ ಹಿಡಿದು ಹಿಂದೆ ಬಂದರು. ಬಿಸಿಲು ಏರತೊಡಗಿತ್ತು. ನೀರಿನ ಅಂಚಿನಲ್ಲಿ ಕುರ್ಚಿ ಇಳಿಸಿದಾಗ ಫುಮಿಯಮ್ಮನ ಪಾದ ಹೊಳೆಯೊಳಗಿತ್ತು.

ಅವರು ಬಹಳ ಹೊತ್ತು ಏನೂ ಮಾಡಲಿಲ್ಲ. ನೋಡುತ್ತಾ ಕುಳಿತರು.

ಆಮೇಲೆ ಕೈ ಚಾಚಿ ಒದ್ದೆ ಮರಳಿನ ಮೇಲೆ ಬರೆದರು. ಮೆತ್ತಗಿನ ಮರಳು ಆ ಬೆರಳಿನ ಅಷ್ಟು ಸಣ್ಣ ಒತ್ತಿಗೂ ಸೋತು ಅಕ್ಷರ ಮೂಡಿಸಿಕೊಂಡಿತು. ನೀಲಮ್ಮ ಕುರ್ಚಿಯ ಹಿಂದೆ ಹೋಗಿ, ಅವರ ಹೆಗಲ ಮೇಲಿನಿಂದ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ತ್ಸು… ಮೆ… ತ… ಇ.”

ತಾನೇ ಓದಿದೆ ಎಂಬುದು ಅವಳಿಗೆ ಓದಿ ಮುಗಿದ ಮೇಲೆ ತಿಳಿಯಿತು. “ಗುರುಗಳೇ, ಓದಿದೆ! ಏನು ಓದಿದೆ?”

“ತಣ್ಣಗಿದೆ.”

ನೀಲಮ್ಮ ಚಪ್ಪಲಿ ಕಳಚಿ ನೀರಿಗಿಳಿದಳು. “ಹೌದಲ್ಲ!” ಎಂದು ಕಾಲು ಹಿಂದೆಳೆದಳು. ಫುಮಿಯಮ್ಮನ ಮುಖದ ಎಡಭಾಗ ಮಾತ್ರ ನಕ್ಕಿತು.

ಅವತ್ತು ಮಧ್ಯಾಹ್ನ ಅವರು ಒಂದು ಬಟ್ಟಲು ಗಂಜಿ ಕುಡಿದರು. ಮರುದಿನ ಬಂದ ಡಾಕ್ಟರು ನಳಿಕೆಯನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಅಲ್ಲಿಂದ ಮುಂದೆ ದಿನವೂ ಬೆಳಿಗ್ಗೆ ಹೊಳೆಗೆ ಹೋಗುವುದು ವಾಡಿಕೆಯಾಯಿತು. ಮರಳಿನ ಮೇಲೆ ಫುಮಿಯಮ್ಮ ಬರೆಯುವುದು, ನೀಲಮ್ಮ ಓದಿ ನೆನಪಿಟ್ಟುಕೊಂಡು ಗುರುಗಳ ಅಂಗೈಗೆ ದಾಟಿಸುವುದು. ‘ದಿಂಬು ಎತ್ತರ.’ ‘ಗಂಜಿಗೆ ಉಪ್ಪು ಜಾಸ್ತಿ.’ ‘ಮಂಚ ತಿರುಗಿಸು.’ ಮಳೆಗಾಲ ಬರುವ ಹೊತ್ತಿಗೆ ಅರ್ಧಕ್ಕರ್ಧ ಮಾತು ಗುರುಗಳವರೆಗೆ ಹೋಗಬೇಕಾಗಿರಲಿಲ್ಲ. ನೀಲಮ್ಮನೇ ತಿಳಿದುಕೊಂಡು ಮಾಡಿಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಫುಮಿಯಮ್ಮ ಮರಳು ಮುಟ್ಟಲಿಲ್ಲ.

ಕೈಯನ್ನು ನೇರ ಹರಿಯುವ ನೀರಿಗಿಳಿಸಿ ಬರೆಯತೊಡಗಿದರು. ನಿಲ್ಲಿಸದೆ ಬರೆದರು. ನೀಲಮ್ಮ ಹೆಗಲ ಮೇಲಿನಿಂದ ಬಗ್ಗಿದಳು, ಮೊಣಕಾಲೂರಿ ನೋಡಿದಳು, ನೀರಿಗೇ ಇಳಿದು ನೋಡಿದಳು. ಗೆರೆ ಮೂಡುವ ಮೊದಲೇ ಹೊಳೆ ಅದನ್ನು ಒಯ್ಯುತ್ತಿತ್ತು.

ಅವಳು ಸೋತ ಮುಖ ಹೊತ್ತು ಗುರುಗಳ ಬಳಿ ಬಂದಳು.

“ಇಷ್ಟು ಕಲಿತೂ ಇವತ್ತು ಒಂದಕ್ಷರ ಹಿಡಿಯಲಿಕ್ಕಾಗಲಿಲ್ಲ. ಬಳುಕುವುದೋ, ಚೂಪಿನದೋ, ದೊಡ್ಡದೋ, ಯಾವುದು ಅಂತಲೂ ತಿಳಿಯಲಿಲ್ಲ. ಏನು ಬೇಕಿತ್ತೋ ಏನೋ ಪಾಪ.”

“ಬರೆಯುವಾಗ ನಿನ್ನ ಕಡೆ ನೋಡಿದರೇ?”

“ಇಲ್ಲ. ನೀರನ್ನೇ ನೋಡುತ್ತಿದ್ದರು.”

“ಆಮೇಲೆ?”

“ಕೈ ಒರೆಸಿದೆ. ತಿಂಡಿ ತಿಂದರು. ಮಲಗಿದ್ದಾರೆ. ಆದರೆ ಅದು ಏನಾಗಿತ್ತು, ಗುರುಗಳೇ? ಅಷ್ಟುದ್ದ ಬರೆದರಲ್ಲ!”

ಅಭ್ಯಾಸದಂತೆ ತಮ್ಮ ಅಂಗೈ ಮೇಲೆ ಬಂದು ಕೂತಿದ್ದ ಅವಳ ಬೆರಳುಗಳನ್ನು ಗುರುಗಳು ಮೆಲ್ಲಗೆ ಎತ್ತಿ, ಅವಳ ಮಡಿಲಲ್ಲೇ ಇಟ್ಟರು.

“ನಿನಗೆ ಹೇಳುವುದಾಗಿದ್ದರೆ ಮರಳಿನ ಮೇಲೆ ಬರೆಯುತ್ತಿದ್ದರು, ನೀಲಮ್ಮ.”